ಬಚ್ಚಲುಮನೆಯ ಬಿಳಿ ಪೊರೆ

ನಾನು ಹುಟ್ಟಿ ಬೆಳೆದದ್ದು ತಮಿಳುನಾಡಿನ ತೇವಾರಂನಲ್ಲಿ, ಕನ್ನಡ ಮಾತಾಡುವ ಮನೆಯಲ್ಲಿ. ಬೆಟ್ಟದ ಬುಡದ ಬಾವಿನೀರು, ಸೋಪು ಒಮ್ಮೆ ಉಜ್ಜಿದರೆ ಕೈತುಂಬ ನೊರೆ. ಮದುವೆಯಾಗಿ ವೇದಸಂದೂರಿನ ಹೊರಗಿನ ಈ ಮನೆಗೆ ಬಂದ ಮೇಲೆ ಬೋರ್‌ವೆಲ್ಲಿನ ಗಡಸು ನೀರಿನ ಜೊತೆ ಏಗುವುದನ್ನು ಕಲಿತೆ. ಕೂದಲು ತೆಂಗಿನ ನಾರಿನಂತಾಯಿತು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಅಡುಗೆಗೂ ಕುಡಿಯಲಿಕ್ಕೂ ಕ್ಯಾನ್ ನೀರೇ ಆಗಬೇಕು. ನಲ್ಲಿಯ ಬಾಯಿಗೆ, ಬಕೆಟ್ಟಿನ ಒಳಮೈಗೆ, ಬಚ್ಚಲುಮನೆಯ ನೀಲಿ ಟೈಲ್ಸ್‌ಗೆ ಸುಣ್ಣ ಬಳಿದಂಥ ಬಿಳಿ ಪೊರೆ.

ಆ ಪೊರೆಯನ್ನು ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು ತೆಂಗಿನ ಕರಟದಿಂದ ಕೆರೆಯುತ್ತಿದ್ದರು. ಒಣಗಿದ ಮೇಲೆ ನೋಡಿದರೆ ಮತ್ತೆ ಅದೇ ಬಿಳುಪು. ಒಮ್ಮೆ ನಾದಿನಿಯ ಅತ್ತೆ ಪಳನಿಯಿಂದ ಬಂದಿದ್ದವರು ಕಾಲು ತೊಳೆಯಲು ಹೋಗಿ, ಸೆರಗು ಎತ್ತಿ ಹಿಡಿದುಕೊಂಡೇ ಹೊರಗೆ ಬಂದು, "ಈ ಬಚ್ಚಲ ತೊಳ್ದು ಎಷ್ಟ್ ಕಾಲಾಯ್ತು?" ಎಂದು ನಕ್ಕಿದ್ದರು. ಅತ್ತೆಯೂ ನಕ್ಕರು. ಆದರೆ ಆ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ.

ಹೆರಿಗೆಗೆಂದು ನಾದಿನಿಯನ್ನು ಬಿಟ್ಟುಹೋಗಲು ಅದೇ ಬೀಗಿತ್ತಿ ಮತ್ತೆ ಬರುವವರಿದ್ದರು. ಹಿಂದಿನ ದಿನ ಬೆಳಿಗ್ಗೆ ನನ್ನ ಗಂಡ ಸಾಮಾನು ತರಲು ದಿಂಡಿಗಲ್ಲಿಗೆ ಹೋಗಿದ್ದರು. ಅತ್ತೆ ಹಳೆಯ ಸೀರೆ ಉಟ್ಟು ಬಚ್ಚಲುಮನೆಗೆ ಹೊಕ್ಕು ಚಿಲಕ ಹಾಕಿಕೊಂಡರು. ಸೈಕಲ್ಲಿನಲ್ಲಿ ಮಾರಿಕೊಂಡು ಬರುವವನಿಂದ ಆಸಿಡ್ ಬಾಟಲಿ ಕೊಂಡದ್ದು ನನಗೆ ಗೊತ್ತಿತ್ತು. ನೆಲ ತೊಳೆಯುವ ಬ್ಲೀಚಿಂಗ್ ಪುಡಿಯನ್ನೂ ಒಳಗೆ ಒಯ್ದದ್ದು ಗೊತ್ತಿರಲಿಲ್ಲ.

ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಮೊದಲು ಕೆಮ್ಮು ಕೇಳಿಸಿತು. ಆಸಿಡ್ ವಾಸನೆಗೆ ಕೆಮ್ಮುತ್ತಿರಬೇಕು ಎಂದುಕೊಂಡೆ. ಕೆಮ್ಮು ನಿಲ್ಲಲಿಲ್ಲ. ನಡುವೆ ಉಸಿರೆಳೆದುಕೊಳ್ಳುವ ಸದ್ದು, ಗಂಟಲಿಗೆ ಏನೋ ಸಿಕ್ಕಿಕೊಂಡವರ ಹಾಗೆ.

"ಅತ್ತೆ! ಏನಾಯ್ತು? ಕದ ತೆಗೀರಿ!"

"ತೆಗೆಯಾಕ್... ಆಗ್ತಿಲ್ಲ."

ನೀರು ಬಿದ್ದು ಬಿದ್ದು ಆ ಚಿಲಕ ತುಕ್ಕು ಹಿಡಿದು ಬಿಗಿಯಾಗಿತ್ತು. ಅಲುಗಾಡಿಸಿ ಅಲುಗಾಡಿಸಿ ಎಳೆಯಬೇಕು. ಒಳಗಿನಿಂದ ಅದರ ಕಟಕಟ ಕೇಳಿಸಿತು, ಆಮೇಲೆ ಅದೂ ನಿಂತಿತು. ಬಾಗಿಲ ಕೆಳಗಿನ ಸಂದಿಯಿಂದ ಬಂದ ಗಾಳಿ ನನ್ನ ಮೂಗಿಗೆ ಬಡಿದಾಗ ಕಣ್ಣು ಉರಿದು ಎದೆ ಹಿಡಿದುಕೊಂಡಿತು. ಅದು ಬರೀ ಆಸಿಡ್ ವಾಸನೆಯಲ್ಲ.

"ಅತ್ತೆ, ಮೂಲೆಗೆ ಹೋಗ್ರಿ, ಬಾಗ್ಲು ಒಡೀತೀನಿ!"

ಒಳಗೆ ಕೆಮ್ಮೂ ನಿಂತಿತ್ತು.

ಹಿತ್ತಲಿನ ಗೋಡೆಗೆ ಒರಗಿಸಿದ್ದ ಹಾರೆಯನ್ನು ಎತ್ತಿಕೊಂಡು ಬಂದೆ. ಪ್ಲಾಸ್ಟಿಕ್ ಬಾಗಿಲು. ಆದರೆ ಅತ್ತೆ ಅದರ ಹಿಂದೆಯೇ ಬಿದ್ದಿದ್ದರೆ? ಕೆಳಗೆ ಹೊಡೆಯಲು ಧೈರ್ಯವಾಗಲಿಲ್ಲ. ಚಿಲಕದ ಪಕ್ಕದಲ್ಲೇ ಚುಚ್ಚಿದೆ. ಎರಡನೇ ಏಟಿಗೆ ಹಲಗೆ ಸೀಳಿತು. ಸೆರಗನ್ನು ಮೂಗಿಗೆ ಕಟ್ಟಿ, ಸೀಳಿನಲ್ಲಿ ಕೈ ತೂರಿಸಿ ಚಿಲಕ ಜಗ್ಗಿದೆ. ಬಾಗಿಲು ಅರ್ಧ ತೆರೆದು ನಿಂತಿತು. ಅತ್ತೆ ಗೋಡೆಗೆ ಒರಗಿ ಕುಸಿದಿದ್ದರು, ಬಾಯಿ ತೆರೆದೇ ಇತ್ತು. ಉಸಿರು ಬಿಗಿಹಿಡಿದು ಒಳಗೆ ನುಗ್ಗಿ, ಕಂಕುಳಿಗೆ ಕೈ ಕೊಟ್ಟು ಎಳೆದೆ. ಅಷ್ಟು ಭಾರ ನಾನು ಹೇಗೆ ಎಳೆದೆನೋ ಈಗಲೂ ತಿಳಿಯದು.

ಬೇವಿನ ಮರದ ಕೆಳಗೆ ಕೂರಿಸಿ, ಕ್ಯಾನ್ ನೀರನ್ನು ಚೊಂಬಿನಲ್ಲಿ ಮೊಗೆದು ಮೊಗೆದು ಕಣ್ಣಿಗೆ, ಕಾಲಿಗೆ ಸುರಿದೆ. ಅಷ್ಟರಲ್ಲಿ ತುಟಿ ಅಲುಗಿತು.

"ಅದ್... ಕುಡ್ಯಾ ನೀರು."

"ಸುಮ್ನಿರ್ರಿ ಅತ್ತೆ!" ಎಂದು ಕಿರುಚಿದೆ. ಅವರ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು.

ನನ್ನ ಕಿರುಚಾಟ ಕೇಳಿ ಪಕ್ಕದ ಮನೆಯಾಕೆ "ಎನ್ನಾಚ್ಚು, ಎನ್ನಾಚ್ಚು?" ಎಂದು ತಮಿಳಿನಲ್ಲಿ ಏನಾಯಿತೆಂದು ಕೇಳುತ್ತ ಓಡಿಬಂದರು. ಅವರ ಗಂಡ ಆಟೋ ತೆಗೆದರು. ದಾರಿಯುದ್ದಕ್ಕೂ ಅತ್ತೆಯ ತಲೆ ನನ್ನ ಭುಜದ ಮೇಲಿತ್ತು. ಪ್ರತಿ ಉಸಿರೂ ಸೀಟಿ ಹೊಡೆದಂತೆ ಬರುತ್ತಿತ್ತು. ಒಂದು ಬಂದ ಮೇಲೆ ಇನ್ನೊಂದು ಬರುತ್ತದೆಯೋ ಇಲ್ಲವೋ ಎಂದು ನಾನು ಕಿವಿಗೊಟ್ಟು ಕಾಯುತ್ತಿದ್ದೆ.

ಆಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡ ಹಾಕಿದರು. ಏನೇನು ಬೆರೆಸಿದಿರಿ ಎಂದು ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದರು. ಆಸಿಡ್ ಎಂದು ನಾನು ಹೇಳಿದೆ, ಅತ್ತೆ ಕೈಸನ್ನೆಯಲ್ಲೇ ಬ್ಲೀಚಿಂಗ್ ಪುಡಿ ಉದುರಿಸಿ ತೋರಿಸಿದರು. ಎರಡೂ ಕೂಡಿದರೆ ವಿಷದ ಗಾಳಿಯಾಗುತ್ತದೆ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರಮ್ಮ. ಸಂಜೆ ಗಂಡ ಓಡಿಬಂದಾಗ ಅತ್ತೆಗೆ ನಿದ್ದೆ ಹತ್ತಿತ್ತು.

ಮರುದಿನ ಅತ್ತೆ ಹಟ ಹಿಡಿದು ಮನೆಗೆ ಬಂದರು. ಮುರಿದ ಬಾಗಿಲಿಗೆ ನಾನು ಹೊದಿಕೆ ಇಳಿಬಿಟ್ಟಿದ್ದೆ. ನಾದಿನಿಯನ್ನು ಕರೆದುಕೊಂಡು ಬಂದ ಬೀಗಿತ್ತಿ ಅದನ್ನು ನೋಡಿದರು, ನಡೆದದ್ದನ್ನು ಕೇಳಿ ಅತ್ತೆಯ ಪಕ್ಕ ಬಂದು ಕೂತರು. "ನಾ ಅವತ್ತು ಬಾಯಿಗ್ ಬಂದಂಗೆ ಅಂದ್ಬಿಟ್ಟೆ ಅಕ್ಕ. ಅದಕ್ಕಾ ಹಿಂಗ್ ಮಾಡ್ಕಂಡ್ರಿ?"

"ನೀವ್ ಅಂದದ್ದಕ್ಕಲ್ಲ," ಅತ್ತೆಯ ಗಂಟಲು ಒಡೆದ ಹಾಗಿತ್ತು. "ಗಲೀಜಿತ್ತು, ತೊಳ್ದೆ."

ಬೀಗಿತ್ತಿ ಅತ್ತೆಯ ಕೈ ಹಿಡಿದುಕೊಂಡರು. ಅತ್ತೆ ಬಿಡಿಸಿಕೊಳ್ಳಲಿಲ್ಲ.

ಈಗ ಮನೆಗೆ ಆಸಿಡ್ ತರುವುದಿಲ್ಲ. ನಿಂಬೆಹುಳಿ ಹಚ್ಚಿ ಉಜ್ಜುತ್ತೇವೆ, ಹೋದಷ್ಟು ಹೋಗಲಿ ಎಂದು. ಆದರೆ ಯಾರಾದರೂ ಸ್ನಾನಕ್ಕೆ ಹೋಗಿ ಸ್ವಲ್ಪ ಹೊತ್ತಾದರೆ ಸಾಕು, ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಚ್ಚಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಒಳಗಿನಿಂದ "ಊಂ" ಎನ್ನುವ ತನಕ ಅಲ್ಲಿಂದ ಕದಲುವುದಿಲ್ಲ.