ಅಮಾವಾಸ್ಯೆಯ ದಿನ ಕೇಳಿದ ಮಗ್ಗ

ಇಂಥದ್ದನ್ನೆಲ್ಲ ನಾನು ನಂಬಿದವಳಲ್ಲ. ಹಾಸ್ಟೆಲ್ಲಿನಲ್ಲಿ ಗೆಳತಿಯರು ಸತ್ತವರು ಬಂದು ಬಾಗಿಲು ಬಡಿದ ಕತೆ ಹೇಳುವಾಗ ನಡುವೆ ಬಾಯಿ ಹಾಕಿ, ಚಿಲಕ ಸಡಿಲಾಗಿರಬೇಕು ಎಂದು ಹೇಳಿ ಬೈಸಿಕೊಂಡವಳು ನಾನು. ಸಿನಿಮಾ ಶಾಲೆಯಲ್ಲಿ ನನ್ನ ವಿಷಯ ಧ್ವನಿ. ಯಾವ ಸಪ್ಪಳ ಎಲ್ಲಿಂದ ಬಂತು ಎಂದು ಪತ್ತೆ ಹಚ್ಚುವುದೇ ನನ್ನ ಓದು. ಹಾಗಾಗಿ ಇದನ್ನು ಬರೆಯುವಾಗ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ನೀವು ನಗುವುದಿದ್ದರೆ ನಗಿ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಮ್ಮೂರು ಬನಹಟ್ಟಿ. ಹುಟ್ಟಿದಾಗಿನಿಂದ ಮಗ್ಗದ ಖಟಖಟ ಕೇಳುತ್ತ ಬೆಳೆದವರು ನಾವು. ನಾನು ಸೌಂಡ್ ಕಲಿಯಲು ಹೊರಟಾಗ ಪಕ್ಕದ ಮನೆಯ ಅಜ್ಜಿ, “ಸಪ್ಪಳಾ ಕಲಿಯಾಕ ಅಷ್ಟ ದೂರ ಯಾಕ ಹೋಗಬೇಕಬೇ? ನಮ್ಮ ಓಣ್ಯಾಗ ಪುಕ್ಕಟ ಸಿಗತೈತಲ್ಲ” ಎಂದಿದ್ದಳು. ಅವಳ ಮಾತು ತಲೆಯಲ್ಲಿ ಕೂತಿತ್ತೋ ಏನೋ, ಕೊನೆಯ ವರ್ಷದ ಚಿತ್ರ ಮಾಡುವಾಗ ನಾನು ತಿರುಗಿ ನಮ್ಮ ಓಣಿಗೇ ಬಂದೆ.

ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಮಗ್ಗ. ಒಂದು ಅಪ್ಪನದು, ಇನ್ನೊಂದು ಅವನ ತಮ್ಮ ಸಂಗಪ್ಪ ಕಾಕಾನದು. ಕಾಕಾನ ಮಗ್ಗದ ಲಾಳಿ ಒಂದು ಕಡೆ ಹೋಗುವಾಗ ಹಗುರ, ಇನ್ನೊಂದು ಕಡೆ ಬರುವಾಗ ತುಸು ತಡೆದು ದಪ್ಪಗೆ ಬಡಿಯುತ್ತಿತ್ತು. ಅದಕ್ಕೆ ಕುಂಟಿ ಎಂದು ಹೆಸರಿಟ್ಟು, ರಿಪೇರಿ ಮಾಡಿಸದೆ ಹಾಗೇ ನೇಯುತ್ತಿದ್ದ. ಹಿಂದಿನ ವರ್ಷ ಒಂದು ಬೆಳಿಗ್ಗೆ ಚಹಾ ಕುಡಿಯಲು ಎದ್ದು ಬಂದವನು ಪಡಸಾಲೆಯಲ್ಲೇ ಕುಸಿದು ತೀರಿಕೊಂಡ. ಅರ್ಧ ನೇಯ್ದ ಸೀರೆ ಮಗ್ಗದ ಮೇಲೆಯೇ ಉಳಿಯಿತು. ಅದನ್ನು ಕೊಯ್ಯಲು ಅಪ್ಪನಿಗೆ ಕೈ ಬರಲಿಲ್ಲ.

ಚಿಗವ್ವನ, ಅಂದರೆ ಕಾಕಾನ ಹೆಂಡತಿಯ, ಅಡುಗೆಮನೆಯ ಕಿಟಕಿ ಆ ಶೆಡ್ಡಿಗೆ ಎದುರು. ಮಕ್ಕಳಿಲ್ಲದ ಅವಳಿಗೆ ಇಡೀ ದಿನ ಕಣ್ಣಿಗೆ ಬೀಳುವುದು ಆ ಅರ್ಧ ಸೀರೆಯೇ. “ಅದನ್ನ ನೋಡಿದ್ರ ತುತ್ತು ಇಳಿಯಂಗಿಲ್ಲ, ಮಾರಿಬಿಡ್ರಿ” ಎಂದು ಅವ್ವನ ಕಡೆಯಿಂದ ಹೇಳಿಸಿದ್ದಳು. ಅಪ್ಪ ಒಪ್ಪಿದ್ದ. ಮೋಟಾರು ಆಗಲೇ ಬಿಚ್ಚಿ ಕೊಟ್ಟಾಗಿತ್ತು. ಮಗ್ಗ ಕೊಂಡ ರಬಕವಿಯವರು ಅಮಾವಾಸ್ಯೆಯ ಮರುದಿನ ಬಂದು ಒಯ್ಯುವುದೆಂದು ಮಾತಾಗಿತ್ತು. ಅಷ್ಟರೊಳಗೆ ಸೀರೆ ಕೊಯ್ಯಬೇಕು, ಅಷ್ಟರೊಳಗೆ ನನ್ನ ಕೆಲಸವೂ ಮುಗಿಯಬೇಕು. ಆ ವಾರ ನಾನು ಒಂದು ಕಡೆ ನಿಂತಿದ್ದೇ ನೆನಪಿಲ್ಲ. ಅವ್ವ, “ಕಾಲಾಗ ಚಕ್ರ ಐತೇನು?” ಎಂದು ಬೈಯುತ್ತಿದ್ದಳು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಚಿತ್ರೀಕರಣ ಮುಗಿದ ಮೇಲೆ ಆ ಜಾಗದ ಮೌನವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ರೂಮ್ ಟೋನ್ ಎನ್ನುತ್ತೇವೆ. ಪ್ರತಿ ಕೋಣೆಯ ಮೌನವೂ ಬೇರೆ, ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ಆದರೆ ಬನಹಟ್ಟಿಯಲ್ಲಿ ಮೌನವನ್ನು ಎಲ್ಲಿಂದ ತರುವುದು? ಅಮಾವಾಸ್ಯೆಯ ದಿನ ನಮ್ಮ ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಅದಕ್ಕೇ ಕಾದಿದ್ದೆ.

ದೆವ್ವದ ಕತೆಗೆ ನಡುರಾತ್ರಿ ಬೇಕು. ನನ್ನದು ನಡೆದದ್ದು ಮಟಮಟ ಮಧ್ಯಾಹ್ನ, ಹೊಟ್ಟೆ ತುಂಬ ಹೋಳಿಗೆ ಉಂಡ ಮೇಲೆ. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ದಾಟುವವರೆಗೆ ಕಾದು, ಎರಡು ಮಗ್ಗಗಳ ನಡುವೆ ಮೈಕ್ ನಿಲ್ಲಿಸಿ, ಹೆಡ್‌ಫೋನ್ ಹಾಕಿಕೊಂಡು ಗುಂಡಿ ಒತ್ತಿದೆ. ಮೊದಲು ಏನೂ ಇರಲಿಲ್ಲ. ಆಮೇಲೆ ಒಂದು ಮಗ್ಗ ನಡೆಯತೊಡಗಿತು. ಹಗುರ, ದಪ್ಪ. ಹಗುರ, ದಪ್ಪ. ಹೆಡ್‌ಫೋನ್ ತೆಗೆದೆ. ಗುಬ್ಬಿಯ ದನಿಯೂ ಇಲ್ಲ. ಹಾಕಿಕೊಂಡೆ. ಕುಂಟಿ ನಡೆದೇ ಇತ್ತು. ಕಣ್ಣೆದುರಿಗೆ ಅದೇ ಮಗ್ಗ ಧೂಳು ಹಿಡಿದು ನಿಂತಿತ್ತು. ತಂತಿ ಬದಲಿಸಿದೆ, ಮೈಕ್ ಸರಿಸಿದೆ, ಮೊಬೈಲ್ ದೂರ ಇಟ್ಟು ಬಂದೆ. ಸಪ್ಪಳ ಹೋಗಲಿಲ್ಲ.

ಅಷ್ಟರಲ್ಲಿ ಅಪ್ಪ ಬಂದ. ಮಗ್ಗದ ನಡುವೆಯೇ ಆಯುಷ್ಯ ಕಳೆದು ಅವನ ಕಿವಿ ಅಷ್ಟಕ್ಕಷ್ಟೇ, ಹತ್ತಿರ ನಿಂತು ಒದರಿದರೆ ಮಾತ್ರ ತಿಳಿಯುತ್ತದೆ. ನಾನು ಬಾಯಿ ಬಿಡಲಿಲ್ಲ. ಸುಮ್ಮನೆ ಹೆಡ್‌ಫೋನ್ ತೆಗೆದು ಅವನಿಗೆ ಹಾಕಿದೆ. ಅವನು ಮೊದಲು ನಕ್ಕ. ಆಮೇಲೆ ಅವನ ಮುಖ ಬದಲಾಯಿತು.

“ಸಂಗ್ಯಾನ ಮಗ್ಗ ಯಾರು ಚಾಲೂ ಮಾಡ್ಯಾರ?” ಎಂದ.

ನಾನು ಉತ್ತರಿಸುವ ಮೊದಲೇ ಕೈ ಎತ್ತಿ ತಡೆದ. “ನಿಂತ್ತು. ಎಳಿ ಹರದಿರಬೇಕು.” ತುಸು ಹೊತ್ತು ತಲೆ ತಗ್ಗಿಸಿ ಕೇಳಿದ. “ಗಂಟು ಹಾಕಿದ ನೋಡು. ಚಾಲೂ ಆತು.”

ಹೆಡ್‌ಫೋನ್ ಬಿಚ್ಚಿ ನನ್ನ ಕೈಗಿಟ್ಟಾಗ ಅವನ ಕಣ್ಣಲ್ಲಿ ನೀರಿತ್ತು. “ನಿಮ್ಮ ಚಿಗವ್ವಗ ಹೇಳು, ಸೀರಿ ಕೊಯ್ಯೂದು ಬ್ಯಾಡ. ಆಂವ ಇನ್ನೂ ನೇಯಾಕತ್ತಾನ” ಎಂದ. ತಮ್ಮನ ಹೆಂಡತಿಯೊಂದಿಗೆ ನೇರವಾಗಿ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಹಾಗಾಗಿ ಆ ಮಾತು ಹೊತ್ತುಕೊಂಡು ಹೋಗುವುದು ನನ್ನ ಪಾಲಿಗೆ ಬಂತು.

ಚಿಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೇಳಿ ಮುಗಿಸಿದೆ. ಅವಳು ಅಳಲಿಲ್ಲ.

“ನಿಮ್ಮಪ್ಪಗ ಕಿವಿ ಕೇಳಂಗಿಲ್ಲ. ನೀ ಕೇಳಿದೇನು?”

“ಹೂಂ ಚಿಗವ್ವ.”

“ಮತ್ತ ನನಗ ಯಾಕ ಕರೀಲಿಲ್ಲ?”

ಚಿಗವ್ವ ಮೊರ ಕೆಳಗಿಟ್ಟು ಶೆಡ್ಡಿಗೆ ನಡೆದಳು. ಕಾಕಾ ಸತ್ತ ಮೇಲೆ ಅವಳು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಅವಳನ್ನು ನೋಡಿ ಅಪ್ಪ ಹೊರಗೆ ಹೋದ. ಅವಳು ಹೆಡ್‌ಫೋನ್ ಹಾಕಿಸಿಕೊಂಡು, ಅದರ ಮೇಲೆ ಸೆರಗು ಎಳೆದುಕೊಂಡು, ಕುಂಟಿಯ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತಳು. ಗವಾಕ್ಷಿಯ ಬಿಸಿಲು ಅವಳ ಮಡಿಲಿನಿಂದ ಸರಿದು ನೆಲಕ್ಕೆ ಇಳಿಯಿತು. ನಾನು ಮನಸ್ಸಿನಲ್ಲೇ ಕಾಕಾನನ್ನು ಬೇಡಿಕೊಳ್ಳುತ್ತಿದ್ದೆ, ಒಂದು ಸಲ ನಡೆಸು, ಒಂದೇ ಸಲ.

“ಏನೂ ಇಲ್ಲಬೇ” ಎಂದಳು ಕೊನೆಗೆ. “ನನ್ನ ಉಸರ ಅಷ್ಟ ಕೇಳಸಾಕತ್ತೈತಿ.”

ಮರುದಿನ ರಬಕವಿಯವರು ಟಂಟಂ ಗಾಡಿ ತಂದು ನಿಲ್ಲಿಸಿದರು. ಬಾಗಿಲಿಗೆ ಅಡ್ಡ ನಿಂತವಳು ಮಗ್ಗ ಮಾರಿರೆಂದು ಹಟ ಹಿಡಿದಿದ್ದ ಅದೇ ಚಿಗವ್ವ. “ಒಯ್ಯಬ್ಯಾಡ್ರಿ. ಕೆಲಸ ಇನ್ನೂ ಮುಗದಿಲ್ಲ” ಎಂದು ಅವರನ್ನು ತಿರುಗಿ ಕಳಿಸಿದಳು.

ಶಾಲೆಗೆ ಮರಳಿ ಆ ರೆಕಾರ್ಡಿಂಗ್ ಹಾಕಿದೆ. ಮೊದಲಿನಿಂದ ಕೊನೆಯವರೆಗೂ ಖಾಲಿ. ಅಪ್ಪನ ದನಿ ಇದೆ, ನನ್ನ ಬಳೆಯ ಸಪ್ಪಳ ಇದೆ, ಮಗ್ಗ ಇಲ್ಲ. ಇಷ್ಟು ಶುದ್ಧವಾದ ಮೌನ ಎಲ್ಲಿ ಸಿಕ್ಕಿತು ಎಂದು ಮೇಷ್ಟರು ಹೊಗಳಿದರು. ಮಗ್ಗದ ನಡುವೆ ಬದುಕಿದವರ ಕಿವಿಯಲ್ಲಿ ಆ ಸದ್ದು ಉಳಿದುಬಿಡುತ್ತದಂತೆ, ಕಿವಿಯ ಡಾಕ್ಟರೊಬ್ಬರು ಹೇಳಿದರು. ಅಪ್ಪನ ಮಟ್ಟಿಗೆ ಒಪ್ಪೋಣ, ನನಗೂ ಭ್ರಮೆ ಎಂದೇ ಇಟ್ಟುಕೊಳ್ಳೋಣ. ಆದರೆ ನಾನು ಏನನ್ನೂ ಹೇಳದಿರುವಾಗ ಇಬ್ಬರಿಗೂ ಅದೇ ಮಗ್ಗ ಹೇಗೆ ಕೇಳಿತು? ಇಲ್ಲಿಗೆ ಬಂದು ನನ್ನ ಓದು ನಿಂತುಬಿಡುತ್ತದೆ.

ಈಗಲೂ ಅಮಾವಾಸ್ಯೆ ಹತ್ತಿರ ಬಂದರೆ ಚಿಗವ್ವನ ಫೋನು ಬರುತ್ತದೆ. “ಬರ್ತೀ ಇಲ್ಲ? ಅದನ್ನೂ ತಗೊಂಡ ಬಾ” ಎನ್ನುತ್ತಾಳೆ. ಆದಾಗಲೆಲ್ಲ ಹೋಗುತ್ತೇನೆ. ಶೆಡ್ಡು ಗುಡಿಸಿ, ಮಗ್ಗದ ಧೂಳು ಮಾತ್ರ ಒರೆಸದೆ, ಅವಳು ಸೆರಗು ಹೊದ್ದು ಕುಳಿತುಕೊಳ್ಳುತ್ತಾಳೆ. ನಾನು ಪಕ್ಕದಲ್ಲಿ ಕಾಲು ಅಲ್ಲಾಡಿಸುತ್ತ ಕೂರುತ್ತೇನೆ. ಇದುವರೆಗೆ ಅವಳಿಗೆ ಏನೂ ಕೇಳಿಲ್ಲ. ಹೆಡ್‌ಫೋನ್ ತಿರುಗಿ ಕೊಡುವಾಗ ಪ್ರತಿ ಸಲ ಒಂದೇ ಮಾತು ಕೇಳುತ್ತಾಳೆ.

“ಅವತ್ತ ನೀ ಖರೇನ ಕೇಳಿದ್ದಿ ಇಲ್ಲ?”

ಹೂಂ ಅನ್ನುತ್ತೇನೆ. ಅದು ಖರೆ. ಆದರೆ ಅಪ್ಪನಿಗೂ ನನಗೂ ಕೇಳಿದ್ದು ತನಗೇಕೆ ಕೇಳಲಿಲ್ಲ ಎಂದು ಅವಳು ಇನ್ನೂ ಕೇಳಿಲ್ಲ, ಕೇಳಿದರೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ.