ಹಸಿ ಸೀರೆಯ ತಂತಿ

ವೈರ್‌ಮನ್ ಕಾಕಾ ಅವರ ಎಡಹುಬ್ಬು ಅರ್ಧವೇ ಇತ್ತು. ಬೆಸುಗೆ ಹಾಕುವಾಗ ಸುಟ್ಟುಕೊಂಡದ್ದಂತೆ. ಗೋಕಾಕದ ಗಿರಣಿ ಚಾಳಿನಲ್ಲಿ ನಮ್ಮ ಬಾಜೂ ಮನೆ ಅವರದು. ಹೆಂಡತಿ ಹುಕ್ಕೇರಿಯ ತವರಿನಲ್ಲಿದ್ದರು. ಮಾತು ಕಡಿಮೆ; ಆಡಿದರೆ ತಂತಿಯ ಮಾತೇ.

ಚಲೇಜಾವ್ ಚಳವಳಿಯ ದಿನಗಳವು. ಕಾಕಾ ಅಟ್ಟದ ಮೇಲೆ ಗುಟ್ಟಾಗಿ ಮಾತು ಕಳಿಸುವ ರೇಡಿಯೋ ಪೆಟ್ಟಿಗೆ ಕಟ್ಟಿದ್ದರು. ಅದಕ್ಕಿದ್ದದ್ದು ಒಂದೇ ದೊಡ್ಡ ಗಾಜಿನ ವಾಲ್ವ್. ಪೊಲೀಸರಿಗೆ ಸಂಶಯ ಬರಬಾರದೆಂದು ಅದರ ಏರಿಯಲ್ ತಂತಿಯನ್ನು ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯಂತೆ ಕಟ್ಟಿದ್ದರು. ಹಸಿ ಬಟ್ಟೆ ತಂತಿಯ ಹೊಂದಿಕೆ ಕೆಡಿಸುತ್ತದೆಂದು ಅದರ ಮೇಲೆ ಒಣಗಿದ ಬಟ್ಟೆಗಳನ್ನಷ್ಟೇ ಹರವುವುದು ನನ್ನ ಕೆಲಸ.

“ತಂತಿಗೂ ಪೆಟ್ಟಿಗಿಗೂ ಹೊಂದಿಕಿ ಬಂದ್ರನ ಶಕ್ತಿ ಹೊರಗ ಹೊಕ್ಕೈತಿ, ತಂಗೆವ್ವಾ. ಇಲ್ಲಾಂದ್ರ ಒಳಗ ಸುಟಗೋಂತ ಕುಂದರತೈತಿ,” ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಕಾಕಾ ಗಿರಣಿಯಿಂದ ಸುದ್ದಿ ಹಿಡಿದು ಓಡಿಬಂದರು. ಚಳವಳಿಗೆ ಸೇರಿ ಮೂಡಲಗಿಯಲ್ಲಿ ಅಡಗಿದ್ದ ನನ್ನ ಗಂಡನನ್ನು ಹಿಡಿಯಲು ಪೊಲೀಸರು ಹೊರಟಿದ್ದರು. ಅಲ್ಲಿಯ ಸಂಗಡಿಗರು ಕಾಕಾ ಅವರ ಮಾತು ಕೇಳಲು ರೇಡಿಯೋ ಮುಂದೆ ಕೂರುವ ಹೊತ್ತು ಅದೇ. ಕಾಕಾ ಪೆಟ್ಟಿಗೆ ಹಚ್ಚಿದರು. ವಾಲ್ವಿನೊಳಗಿನ ತಗಡು ಕೆಂಡದಂತೆ ಕೆಂಪಾಯಿತು. ಶಕ್ತಿ ಹೊರಗೆ ಹೋದರೆ ಹೊತ್ತಿಕೊಳ್ಳಬೇಕಾದ ಟಾರ್ಚ್ ಬಲ್ಬು ಮಾತ್ರ ಹೊತ್ತಲಿಲ್ಲ. ಕಾಕಾ ಕಿಟಕಿಯಿಂದ ಹಿತ್ತಲಿಗೆ ಇಣುಕಿದರು. ಹಸಿ ಬಟ್ಟೆಯ ಹಗ್ಗ ಹರಿದಿತ್ತೆಂದು ಆಗಷ್ಟೇ ನನ್ನ ಹಸಿ ಸೀರೆಯನ್ನು ಆ ತಂತಿಗೇ ಹಾಕಿಬಂದಿದ್ದೆ. ಸೆರಗು ನೆಲಕ್ಕೆ ತಾಗಿತ್ತು.

ತೆಗೆಯಲು ಎದ್ದೆ. ಗೋಡೆಯಾಚೆ ಪೊಲೀಸನೊಬ್ಬ ನಿಂತು ನಮ್ಮ ಹಿತ್ತಲನ್ನೇ ನೋಡುತ್ತಿದ್ದ.

“ಸೀರಿ ಮುಟ್ಟಬ್ಯಾಡ. ಹಸೀದು ತಗದ್ರ ಅವಗ ಸಂಶೆ ಬರತೈತಿ. ಅದು ಇದ್ದಂಗನ ಹೊಂದಸ್ತೇನಿ,” ಎಂದರು ಕಾಕಾ.

ಪೆಟ್ಟಿಗೆಯ ತಂತಿ ಸುರುಳಿಯ ಒಂದು ಸುತ್ತು ಬಿಚ್ಚಿ ಹಚ್ಚಿದರು, ಮತ್ತೆ ಕೆಂಪು. ಆರಿಸಿ ಇನ್ನೊಂದು ಸುತ್ತು ಬಿಚ್ಚಿದರು. ವಾಲ್ವ್ ಒಡೆದರೆ ಎಲ್ಲ ಮುಗಿದಂತೆ. ಎಷ್ಟು ಸಲ ಹಾಗೆ ಮಾಡಿದರೋ, ಕೊನೆಗೆ ತಗಡು ಕಪ್ಪಾಯಿತು, ಬಲ್ಬು ಹೊತ್ತಿತು. ಕಾಕಾ ಪಿಸುದನಿಯಲ್ಲಿ ಮೂರು ಸಲ ಸುದ್ದಿ ಹೇಳಿದರು.

ನನ್ನ ಗಂಡ ಉಳಿದರು. ಆದರೆ ಎರಡು ನಿಮಿಷಕ್ಕೆ ಮುಗಿಯಬೇಕಾದ ಕೆಲಸ ನನ್ನ ಸೀರೆಯಿಂದಾಗಿ ಅರ್ಧ ತಾಸು ಹಿಡಿದಿತ್ತು. ಅಷ್ಟು ಹೊತ್ತು ಮತ್ತೆ ಮತ್ತೆ ಹಚ್ಚಿದ ಪೆಟ್ಟಿಗೆಯ ರೇಡಿಯೋ ಅಲೆಯ ಜಾಡು ಹಿಡಿದೇ ಪೊಲೀಸರು ಮರುದಿನ ಕಾಕಾ ಅವರನ್ನು ಎಳೆದೊಯ್ದರು. ಜೈಲಿನಲ್ಲಿ ಜ್ವರ ಬಂದು ಹೋಗಿಬಿಟ್ಟರೆಂದು ಆಮೇಲೆ ಸುದ್ದಿ ಬಂತು. ಜ್ವರವೆಂಬುದನ್ನು ನಾನು ನಂಬಲಿಲ್ಲ. ಖರೆ ಹೇಳಬೇಕೆಂದರೆ ಇಂದಿಗೂ ನಂಬಿಲ್ಲ.

ಚಳವಳಿ ತಣ್ಣಗಾದ ಮೇಲೆ ನಾವು ಗಂಡ-ಹೆಂಡತಿ ಹುಕ್ಕೇರಿಗೆ ಹೋದೆವು. ಸೀರೆಯ ಸಂಗತಿಯನ್ನು ನಾನೇ ಬಾಯಿಬಿಟ್ಟು ಹೇಳಿದೆ. ಕಾಕಾ ಅವರ ಹೆಂಡತಿ ನನ್ನ ಗಂಡನನ್ನು ಬಹಳ ಹೊತ್ತು ನೋಡಿದರು.

“ಅವರು ಜೀವಾ ಉಳಿಸಿದ್ದು ಇವರದ ಏನ್ರಿ?” ಎಂದರು. “ಕುಂದರ್ರಿ, ಉಂಡ ಹೋಗ್ರಿ.”

ಮೊದಲ ರೊಟ್ಟಿಯನ್ನು ನನ್ನ ಗಂಡನ ತಾಟಿಗೇ ಬಡಿಸಿದರು. ನನಗೆ ತುತ್ತು ಎತ್ತಲಾಗಲಿಲ್ಲ.