ಹುರುಳಿಗೆ ದಾರಿ ಬಿಟ್ಟ ಕಾರು

ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಹುರುಳಿ ಬೇಯುತ್ತಿತ್ತು. ಆ ವಾಸನೆ ನಿಮಗೆ ಗೊತ್ತಿರಬೇಕಲ್ಲ: ಮಳೆ ಬಿದ್ದ ಹೊಲ, ಎತ್ತಿನ ಮೈ, ಹಳೆಯ ಗೋಣಿಚೀಲ, ಮೂರೂ ಸೇರಿ ಒಲೆಯ ಮೇಲೆ ಕುಳಿತ ಹಾಗೆ. ಡೆಲಿಕೇಟ್ ಅಂತೂ ಅಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಓದುವಾಗ ನನ್ನ ಟಿಫನ್ ಡಬ್ಬಿಯಿಂದ ಈ ವಾಸನೆ ಎದ್ದರೆ ಪಕ್ಕದ ಹುಡುಗಿಯರು ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದರು. ಡಬ್ಬಿ ನನ್ನದಲ್ಲವೆಂಬಂತೆ ನಾನೂ ಹಿಡಿಯುತ್ತಿದ್ದೆ. ಈಗ ಹುರುಳಿ ಬೆಂದರೆ ನನಗೆ ನೆನಪಾಗುವುದು ಆ ಡಬ್ಬಿಯಲ್ಲ, ನನ್ನ ಕಾರಿನ ಮುರಿದ ಮೂತಿ.

ಕಾರಿಗೆ ನಾನಿಟ್ಟ ಹೆಸರು ಮದರ್ ಸುಪೀರಿಯರ್, ನಮ್ಮ ಕಾನ್ವೆಂಟಿನ ಹಿರಿಯ ಸನ್ಯಾಸಿನಿಯದ್ದು. ಬೆಳ್ಳಗೆ, ಗುಂಡಗೆ, ಬೆಳಿಗ್ಗೆ ಎದ್ದ ಕೂಡಲೇ ಎರಡು ಸಲ ಕೆಮ್ಮಿ, ಆಮೇಲೆ ಯಾರ ಮಾತನ್ನೂ ಕೇಳದೆ ಹೊರಟುಬಿಡುವ ಜೀವ. ನಾನು ಡ್ರೈವಿಂಗ್ ಕಲಿತದ್ದು ಐವತ್ತೆಂಟರಲ್ಲಿ. ಅಲ್ಲಿಯವರೆಗೆ ಎಲ್ಲಿಗೆ ಹೋಗಬೇಕಾದರೂ ಸೀರೆ ಉಟ್ಟು, ಪರ್ಸು ಹಿಡಿದು, ಯಾರಾದರೂ ಕರೆದುಕೊಂಡು ಹೋಗುತ್ತಾರಾ ಎಂದು ವರಾಂಡದಲ್ಲಿ ಕಾಯುವುದೇ ನನ್ನ ಪ್ರಯಾಣದ ಮುಕ್ಕಾಲು ಭಾಗವಾಗಿತ್ತು. ಕಾರು ಬಂದ ಮೇಲೆ ಶ್ರೀರಂಗಪಟ್ಟಣದಿಂದ ಬಾಬುರಾಯನಕೊಪ್ಪಲಿಗೆ ಸೊಪ್ಪು ತರಲಿಕ್ಕೂ ಅದರಲ್ಲೇ ಹೋಗುತ್ತಿದ್ದೆ. ನಡೆದಿದ್ದರೆ ಇನ್ನೂ ಬೇಗ ತಲುಪುತ್ತಿದ್ದೆನೇನೋ, ಆದರೆ ಅವಸರ ಯಾರಿಗಿತ್ತು?

ನಾಲ್ಕು ವರ್ಷದ ಹಿಂದೆ, ಸಂಕ್ರಾಂತಿಗೆ ಸ್ವಲ್ಪ ಮುಂಚೆ, ಕಿಕ್ಕೇರಿಯಲ್ಲಿದ್ದ ಗೆಳತಿಯ ಮೊಮ್ಮಗಳ ನಾಮಕರಣಕ್ಕೆಂದು ಒಬ್ಬಳೇ ಹೊರಟೆ. ಪಾಂಡವಪುರ ದಾಟಿ, ಕೆ.ಆರ್. ಪೇಟೆ ದಾಟಿ, ಊರೊಳಗಿನ ದಾರಿಗೆ ತಿರುಗಿದರೆ ಟಾರು ರಸ್ತೆಯ ತುಂಬ ಹುರುಳಿ ಗಿಡ ಹಾಸಿದ್ದರು. ನಮ್ಮ ಕಡೆ ಈಗ ಕಣ ಮಾಡುವ ತಾಪತ್ರಯ ಯಾರಿಗೂ ಬೇಡ. ಕಿತ್ತು ಒಣಗಿಸಿದ ಗಿಡವನ್ನು ರಸ್ತೆಗೆ ಹರಡಿ ಪಕ್ಕದ ನೆರಳಿನಲ್ಲಿ ಕೂರುತ್ತಾರೆ. ಬಸ್ಸು, ಟ್ರಾಕ್ಟರು ಮೇಲೆ ಹೋದ ಹಾಗೆಲ್ಲ ಕಾಯಿ ಒಡೆದು ಕಾಳು ಉದುರುತ್ತದೆ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಚಕ್ರ ಇನ್ನೇನು ಹುರುಳಿ ಮುಟ್ಟಬೇಕು ಅನ್ನುವಾಗ, ತಟ್ಟೆಯಲ್ಲಿ ಒಂದು ಬಟಾಣಿ ಉಳಿಸಿದರೂ ಕಣ್ಣು ಬಿಡುತ್ತಿದ್ದ ನಮ್ಮ ಕಾನ್ವೆಂಟಿನ ಸಿಸ್ಟರ್ ಎದುರಿಗೆ ನಿಂತಂತಾಯಿತು. ಅನ್ನದ ಮೇಲೆ ಟೈರು ಹತ್ತಿಸುವುದೇ? ವಾಟ್ ಮ್ಯಾನರ್ಸ್! ಎಕ್ಸ್‌ಕ್ಯೂಸ್ ಮಿ ಎನ್ನುವ ಹಾಗೆ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದೆ.

ಎಡಕ್ಕೆ ಒಂದು ಎತ್ತಿನಗಾಡಿ ಇತ್ತು. ನೊಗವನ್ನು ಕಲ್ಲಿನ ಮೇಲಿಟ್ಟು, ಗಾಡಿಯ ಉದ್ದನೆಯ ಮರದ ಮೂಕಿಯನ್ನು ಮುಂದಕ್ಕೆ ಚಾಚಿ ನಿಲ್ಲಿಸಿದ್ದರು. ಎತ್ತುಗಳು ದೂರದಲ್ಲಿ ಮೇಯುತ್ತಿದ್ದವು. ನನ್ನ ಪುಣ್ಯ, ಅವುಗಳ ಪುಣ್ಯ ಇನ್ನೂ ದೊಡ್ಡದು. ಮೂಕಿ ಹೆಡ್‌ಲೈಟು ಒಡೆದು, ಬಾನೆಟ್ ಮಡಚಿ, ರೇಡಿಯೇಟರಿನೊಳಗೆ ನುಗ್ಗಿತು. ಗುದ್ದಿದ ಏಟಿಗೆ ಕಾರಿನ ಹಿಂದಿನ ಕಿಟಕಿಯ ಗಾಜೂ ಪುಡಿಯಾಯಿತು. ನನಗೂ ಗಾಡಿಗೂ ಏನೂ ಆಗಲಿಲ್ಲ.

ಹೊಂಗೆ ಮರದ ಕೆಳಗಿನಿಂದ ಗಾಡಿಯ ಒಡತಿ ಎದ್ದು ಬಂದಳು. ಹೆಸರು ದ್ಯಾವಮ್ಮ, ಹೆಚ್ಚುಕಡಿಮೆ ನನ್ನದೇ ವಯಸ್ಸು. ಗಾಡಿಗೆ ಗುದ್ದಿದ್ದಕ್ಕೆ ಬಯ್ಯುತ್ತಾಳೆಂದು ಸಾರಿ ಹೇಳಲು ಬಾಯಿ ತೆರೆದೆ. ಅವಳ ಸಿಟ್ಟು ಬೇರೆಯದೇ ಆಗಿತ್ತು. ಅವರ ಬಾಯಲ್ಲಿ ಹುರುಳಿ ‘ಉಳ್ಳಿ’.

“ಅಲ್ಲ ಕಣವ್ವ, ಇಷ್ಟಗಲ ಉಳ್ಳಿ ಆಕಿವ್ನಿ, ಅದ್ರ ಮ್ಯಾಲೆ ಅತ್ತುಸ್ಕಂಡು ಓಗಾಕೆ ಏನಾಗಿತ್ತು ನಿಂಗೆ?”

ತಿನ್ನುವ ಪದಾರ್ಥ ಅಲ್ಲವಾ ಎಂದೆ ಮೆಲ್ಲಗೆ.

“ತಿನ್ನಾಕ್ ಮುಂಚೆ ಒಕ್ಬೇಕಲ್ವಾ?” ಎಂದಳು. ಆಮೇಲೆ ಮಜ್ಜಿಗೆ ಕೊಟ್ಟು, ನಾಲ್ಕು ಜನರನ್ನು ಕೂಗಿ, ಕಾರನ್ನು ತನ್ನ ಮನೆಯ ಹಿತ್ತಲಿಗೆ ತಳ್ಳಿಸಿದಳು.

ಈಗ ಶುರುವಾಯಿತು ನೋಡಿ, ಮದರ್ ಸುಪೀರಿಯರ್‌ಳನ್ನು ಏನು ಮಾಡಬೇಕೆಂಬ ಪ್ರಶ್ನೆ. ಕೆ.ಆರ್. ಪೇಟೆಯಿಂದ ಮೆಕ್ಯಾನಿಕ್ ಬಷೀರ್ ಸಾಹೇಬರು ಬಂದು ಬಗ್ಗಿ ನೋಡಿ, “ಮೂತಿ ಹೋಗೈತೆ ಅಮ್ಮಾ, ದಿಲ್ ಚೆನ್ನಾಗೈತೆ” ಅಂದರು. ರಿಪೇರಿ ಆಗುತ್ತದೆ, ಇದೇ ಬಣ್ಣದ ಬಾನೆಟ್ ಮಾತ್ರ ಸಿಗಲಿಕ್ಕಿಲ್ಲ ಎಂದರು. ಮಾರನೆಯ ದಿನ ಮೈಸೂರಿನಿಂದ ನನ್ನ ತಮ್ಮ ಶೀನು ಬಂದ. ನನಗಿಂತ ಆರು ವರ್ಷ ಚಿಕ್ಕವನು. ರಿಟೈರ್ ಆದ ದಿನದಿಂದ ನನಗೆ ಅಣ್ಣನಾಗಿದ್ದಾನೆ. ಕಾರನ್ನು ಒಂದು ಸುತ್ತು ಹಾಕಿ “ಟೋಟಲ್ ಲಾಸ್” ಎಂದ. ಹೇಳುವಾಗ ನೋಡುತ್ತಿದ್ದದ್ದು ಕಾರನ್ನಲ್ಲ, ನನ್ನನ್ನು.

“ಅಕ್ಕಾ, ನಾಗಮಂಗಲದ ಗುಜರಿಯವನಿಗೆ ಹೇಳಿದ್ದೀನಿ, ಎರಡು ವಾರ ಬಿಟ್ಟು ಬುಧವಾರ ಬಂದು ಒಯ್ತಾನೆ. ಇನ್ನು ಮೇಲೆ ಎಲ್ಲಿಗೆ ಹೋಗಬೇಕಾದರೂ ನನಗೊಂದು ಫೋನ್ ಮಾಡು, ಸಾಕು.”

ಪ್ರೀತಿಯಿಂದಲೇ ಹೇಳಿದ. ನನಗೆ ಮಾತ್ರ ಆ ಹಳೆಯ ವರಾಂಡ ಕಣ್ಣಿಗೆ ಕಟ್ಟಿತು. ಸೀರೆ ಉಟ್ಟು, ಪರ್ಸು ಹಿಡಿದು. ಸ್ಕೂಲಿನ ಎಲೊಕ್ಯೂಷನ್ ಭಾಷಣ ಸ್ಪರ್ಧೆಯಲ್ಲಿ ಮೂರು ವರ್ಷ ಫಸ್ಟ್ ಪ್ರೈಜ್ ತಗೊಂಡ ನಾನು ಅವತ್ತು ಆಡಿದ್ದು ಒಂದೇ ಮಾತು: “ಓಕೆ.”

ಆ ಬುಧವಾರ ಗುಜರಿಯವನ ಟೆಂಪೋ ಬಂತು. ಕೊಕ್ಕೆ ಹಾಕುವ ಮುಂಚೆ ಶೀನು ಹಿಂದಿನ ಬಾಗಿಲು ತೆಗೆದವನು ಹಾಗೇ ನಿಂತ. ಒಡೆದ ಕಿಟಕಿಯಿಂದ ನುಗ್ಗಿದ್ದ ದ್ಯಾವಮ್ಮನ ಕೆಂಪು ಕೋಳಿ, ನಾನು ಮರೆತುಬಿಟ್ಟಿದ್ದ ಶಾಲಿನ ಮೇಲೆ ಒಂಬತ್ತು ಮೊಟ್ಟೆ ಅಡಿಗಿಟ್ಟುಕೊಂಡು ಕುಳಿತಿತ್ತು. ಶೀನು “ಶೂ, ಶೂ, ಗೆಟ್ ಔಟ್” ಎಂದ. ಕೋಳಿ ಅವನ ವಾಚಿಗೆ ಕುಕ್ಕಿತು.

ದ್ಯಾವಮ್ಮ ಬಂದು ಬಾಗಿಲು ಮುಚ್ಚಿದಳು. “ಕಾವ್ಗೆ ಕುಂತವ್ಳೆ. ಇಪ್ಪತ್ತೊಂದ್ ದಿನ ಮುಟ್ಟಂಗಿಲ್ಲ.”

ಶೀನು ಗುಜರಿಯವನ ಮುಖ ನೋಡಿದ. ಗುಜರಿಯವನು ದ್ಯಾವಮ್ಮನ ಮುಖ ನೋಡಿ, ಕುಂತು ಎಷ್ಟು ದಿನ ಆಯಿತೆಂದು ಗಂಭೀರವಾಗಿ ವಿಚಾರಿಸಿದ. ಮೂರು ಎಂದಳು. “ಅಂಗಾರೆ ಇನ್ನು ಅದ್ನೆಂಟು. ಆಗಾಕಿಲ್ಲ ಸಾರ್, ಕಾವು ಕೆಡ್ಸಿ ತಗಂಡೋದ್ ಗಾಡಿ ನಂಗ್ ಬ್ಯಾಡ” ಎಂದು ಹೇಳಿ, ಮಜ್ಜಿಗೆ ಕುಡಿದು, ಖಾಲಿ ಟೆಂಪೋ ಓಡಿಸಿಕೊಂಡು ನಾಗಮಂಗಲಕ್ಕೆ ಹೊರಟುಹೋದ.

ಆ ಹದಿನೆಂಟು ದಿನಗಳಲ್ಲಿ ನಾನು ಐದು ಸಲ ಅಲ್ಲಿಗೆ ಹೋದೆ. ಮೂರು ಬಸ್ಸು ಹತ್ತಿಳಿದು, ಮಂಡಿ ಹಿಡಿದುಕೊಂಡು. ಕೇಳಿದವರಿಗೆಲ್ಲ ಕೋಳಿ ನೋಡಲಿಕ್ಕೆ ಎನ್ನುತ್ತಿದ್ದೆ. ಹೋಗಿ ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದೆ. ಹಿಂದೆ ಮೇಮ್‌ಸಾಹೇಬರ ಹಾಗೆ ಕೋಳಿ. ಇಬ್ಬರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಒಂದು ದಿನ ದ್ಯಾವಮ್ಮ ಅವರೆಕಾಯಿ ಸುಲಿಯುತ್ತ ಪಕ್ಕದ ಸೀಟಿಗೆ ಬಂದು ಕುಳಿತಳು.

“ನಿನ್ ತಮ್ಮ ಗುಜರಿಗೆ ಅಂತವ್ನೆ, ಸಾಬ್ರು ರಿಪೇರಿ ಅಂತವ್ರೆ. ನೀ ಏನಂತೀಯಕ್ಕ?”

ನೋಡೋಣ ಎಂದೆ.

“ನೋಡಾದೇನು? ಈ ಕೋಳಿ ಯಾರ್ನ ಕೇಳ್ಕಂಡು ಇಲ್ ಬಂದು ಕುಂತ್ಕಂತು?”

ನಾನು ಕನ್ನಡಿಯಲ್ಲಿ ಕೋಳಿಯನ್ನು ನೋಡಿದೆ. ಅದು ನನ್ನನ್ನು ಒಂದೇ ಕಣ್ಣಿನಿಂದ ನೋಡುತ್ತಿತ್ತು, ಥೇಟ್ ನಮ್ಮ ಹೆಡ್‌ಮಿಸ್ಟ್ರೆಸ್.

ಒಂಬತ್ತರಲ್ಲಿ ಏಳು ಮರಿ ಎದ್ದವು. ಸಂಜೆ ಶೀನು ಫೋನ್ ಮಾಡಿ, ನಾಳೆ ಗುಜರಿಯವನನ್ನು ಕಳಿಸಲಾ ಎಂದು ಕೇಳಿದ.

“ಬೇಡ. ರಿಪೇರಿ ಮಾಡಿಸ್ತೀನಿ” ಎಂದೆ. ಪ್ಲೀಸ್ ಇಲ್ಲ, ಸಾರಿ ಇಲ್ಲ. ನನಗೇ ಆಶ್ಚರ್ಯವಾಯಿತು.

“ಅಕ್ಕಾ, ಮತ್ತೆ ಎಲ್ಲಾದರೂ ಗುದ್ದಿದರೆ?”

“ಇನ್ನೊಂದು ಕೋಳಿ ಹುಡುಕ್ತೀನಿ.”

ಬಷೀರ್ ಸಾಹೇಬರಿಗೆ ಸಿಕ್ಕಿದ್ದು ಕೆಂಪು ಬಾನೆಟ್. ಮದರ್ ಸುಪೀರಿಯರ್ ಲಿಪ್‌ಸ್ಟಿಕ್ ಹಚ್ಚಿಕೊಂಡ ಹಾಗೆ ಕಾಣುತ್ತಾಳೆ. ಮಳೆಗಾಲದಲ್ಲಿ ಗಾಜು ಏರಿಸಿದರೆ ಹಿಂದಿನ ಸೀಟು ಇವತ್ತಿಗೂ ಕೋಳಿಗೂಡಿನ ಹಾಗೆ ನಾರುತ್ತದೆ. ಕರ್ಚೀಫು ಹಿಡಿಯುವುದನ್ನು ಬಿಟ್ಟಿದ್ದೇನೆ.

ಇವತ್ತು ಹುರುಳಿ ಇನ್ನೂ ಒಲೆಯ ಮೇಲಿರುವಾಗಲೇ ದ್ಯಾವಮ್ಮನ ಫೋನು ಬಂತು. “ಉಳ್ಳಿ ಆಕಿವ್ನಿ ಕಣಕ್ಕ. ಬೆಳಗಿಂದ ಒಂದ್ ಟ್ರಾಕ್ಟರೂ ಈ ಕಡೆ ಬಂದಿಲ್ಲ.” ಒಲೆ ಆರಿಸಿ, ಕಾರಿನ ಕೀ ತಗೊಂಡೆ. ಎರಡು ದಿನಕ್ಕೆಂದು ಬಂದಿದ್ದ ಶೀನು ವರಾಂಡದಲ್ಲಿ ಪೇಪರ್ ಓದುತ್ತಿದ್ದ. ಎಲ್ಲಿಗೆ ಎಂದು ಕೇಳಿದ.

“ಒಕ್ಕಣೆಗೆ” ಎಂದೆ.

ಪೇಪರ್ ಮಡಚಿದ. ನನ್ನನ್ನು ನೋಡಿದ, ಕೆಂಪು ಬಾನೆಟನ್ನು ನೋಡಿದ. “ಇರು, ನನ್ನನ್ನೂ ಕರಕೊಂಡು ಹೋಗ್ತೀಯಾ?” ಎಂದು ಬಂದು ಹಿಂದಿನ ಸೀಟಿನಲ್ಲಿ, ಕೋಳಿ ಕೂತಿದ್ದ ಜಾಗದಲ್ಲೇ, ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತ. ನಾನು ಕೀ ತಿರುಗಿಸಿದೆ. ಮದರ್ ಸುಪೀರಿಯರ್ ಎರಡು ಸಲ ಕೆಮ್ಮಿ ಹೊರಟಳು.